ಕ್ಯಾಮೆರಾ ರೆಕಾರ್ಡಿಂಗ್ ಸರ್ವರ್: ದುರಸ್ತಿಗೆಂದು ನಿಲ್ಲಿಸುವ ಮತ್ತು ಮತ್ತೆ ನಡೆಸುವ ಕ್ರಮ

ಚಿಕ್ಕಮಗಳೂರು ಜಿಲ್ಲೆಯ ತೋಟದ ಆಫೀಸಿಗೆ, ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ, ಸಹಕಾರ ಸಂಘಕ್ಕೆ ಅಥವಾ ಆಸ್ಪತ್ರೆಗೆ ಹೋದರೆ, ಮೇಜಿನ ಕೆಳಗೋ ಸಣ್ಣ ಕಬ್ಬಿಣದ ಬೀರುವಿನೊಳಗೋ ಕ್ಯಾಮೆರಾಗಳ ದೃಶ್ಯವನ್ನು ಬರೆದಿಟ್ಟುಕೊಳ್ಳುವ ಯಂತ್ರವೊಂದು ಹಗಲು ರಾತ್ರಿ ಓಡುತ್ತಿರುವುದು ಕಾಣುತ್ತದೆ. ಕೆಲವೆಡೆ ಅದು ಎನ್‌ವಿಆರ್ (ನೆಟ್‌ವರ್ಕ್ ವಿಡಿಯೊ ರೆಕಾರ್ಡರ್) ಎಂಬ ಚಪ್ಪಟೆ ಪೆಟ್ಟಿಗೆ. ಕ್ಯಾಮೆರಾಗಳ ಸಂಖ್ಯೆ ಮೂವತ್ತು ನಲವತ್ತು ದಾಟಿದ ಕಡೆ ವಿಂಡೋಸ್ ಅಥವಾ ಲಿನಕ್ಸ್ ಮೇಲೆ ನಡೆಯುವ ಪೂರ್ಣ ಪ್ರಮಾಣದ ಸರ್ವರ್. ಕೂರಿಸಿದ ದಿನ ಬಿಟ್ಟರೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಫ್ಯಾನಿನ ಸದ್ದು ಜೋರಾದಾಗಲೋ ಯುಪಿಎಸ್ ಕೂಗತೊಡಗಿದಾಗಲೋ "ಒಂದು ಸಲ ಆಫ್ ಮಾಡಿ ಆನ್ ಮಾಡಿ" ಎಂಬ ಸಲಹೆ ಫೋನಿನಲ್ಲಿ ಬರುತ್ತದೆ. ಹತ್ತಿರ ಇದ್ದವರು ಪ್ಲಗ್ ಕೀಳುತ್ತಾರೆ.

ಮೂಡಿಗೆರೆ, ಆಲ್ದೂರು, ಸಕಲೇಶಪುರ, ಬೇಲೂರು ಕಡೆಯ ತೋಟ ಮತ್ತು ಗೋದಾಮುಗಳಲ್ಲಿ ಈ ಯಂತ್ರಗಳನ್ನು ನೋಡಿಕೊಳ್ಳುತ್ತ ಬಂದ ನಾನು ಒಂದು ಘಟನೆಯನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಲೇಖನದ ಪ್ರತಿಯೊಂದು ಹಂತವೂ ಅದರಿಂದಲೇ ಹುಟ್ಟಿದೆ. ಒಂದು ಗೋದಾಮಿನಲ್ಲಿ ಸರ್ವರ್ ನಿಲ್ಲಿಸಿ, ಧೂಳು ತೆಗೆದು, ಮತ್ತೆ ಹಚ್ಚಿದ್ದರು. ಪರದೆಯ ಮೇಲೆ ಎಲ್ಲ ಕ್ಯಾಮೆರಾಗಳ ಚಿತ್ರವೂ ಬಂತು, ಎಲ್ಲರೂ ಮನೆಗೆ ಹೋದರು. ಹನ್ನೊಂದು ದಿನಗಳ ನಂತರ ಕಾಳುಮೆಣಸಿನ ಎರಡು ಚೀಲ ಕಾಣೆಯಾಗಿ ಹಳೆಯ ದೃಶ್ಯ ತೆಗೆಯಲು ನನ್ನನ್ನು ಕರೆದಾಗ, ದಾಖಲೆಯು ಧೂಳು ತೆಗೆದ ಬೆಳಿಗ್ಗೆಗೇ ನಿಂತುಹೋಗಿರುವುದು ಕಂಡಿತು. ಡಿಸ್ಕ್‌ಗಳಿದ್ದ ಸ್ಟೋರೇಜ್ ಪೆಟ್ಟಿಗೆಯನ್ನು ಸರ್ವರ್ ಹಚ್ಚಿದ ನಂತರ ಹಚ್ಚಿದ್ದರಿಂದ ಸರ್ವರ್‌ಗೆ ಆ ಡಿಸ್ಕ್‌ಗಳು ಸಿಕ್ಕಿರಲೇ ಇಲ್ಲ. ನೇರ ಚಿತ್ರ ಕಾಣುವುದಕ್ಕೂ ಆ ಚಿತ್ರ ಡಿಸ್ಕ್‌ಗೆ ಇಳಿಯುವುದಕ್ಕೂ ಸಂಬಂಧವಿಲ್ಲ. ಹೀಗಾಗಿ ನಿಲ್ಲಿಸುವಷ್ಟೇ ಶ್ರದ್ಧೆ ಮತ್ತೆ ಹಚ್ಚಿದ ಮೇಲಿನ ಪರೀಕ್ಷೆಗೂ ಬೇಕು.

ಪ್ಲಗ್ ಕಿತ್ತಾಗ ಒಳಗೆ ಆಗುವುದು

ಸಾಮಾನ್ಯ ಕಂಪ್ಯೂಟರ್ ಹೆಚ್ಚಿನ ಹೊತ್ತು ಸುಮ್ಮನೆ ಕುಳಿತಿರುತ್ತದೆ. ರೆಕಾರ್ಡಿಂಗ್ ಸರ್ವರ್ ಒಂದು ಕ್ಷಣವೂ ಬರೆಯುವುದನ್ನು ನಿಲ್ಲಿಸುವುದಿಲ್ಲ. ಸೆಕೆಂಡಿಗೆ 4 ಮೆಗಾಬಿಟ್ ಕಳಿಸುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಗಿಗಾಬೈಟ್ ಜಾಗ ತಿನ್ನುತ್ತದೆ. ಅಂಥ 32 ಕ್ಯಾಮೆರಾಗಳಾದರೆ ದಿನಕ್ಕೆ 1.38 ಟೆರಾಬೈಟ್, 30 ದಿನಕ್ಕೆ 41 ಟೆರಾಬೈಟ್‌ಗೂ ಮಿಗಿಲು. ಇಷ್ಟನ್ನು ಬರೆಯುವಾಗ ದೃಶ್ಯದ ತುಣುಕುಗಳು ಮೊದಲು ಮೆಮೊರಿಯಲ್ಲಿ ಸ್ವಲ್ಪ ಹೊತ್ತು ನಿಂತು ನಂತರ ಡಿಸ್ಕ್‌ಗೆ ಇಳಿಯುತ್ತವೆ. ಜೊತೆಗೆ ಯಾವ ಕ್ಯಾಮೆರಾದ ಯಾವ ಗಂಟೆಯ ದೃಶ್ಯ ಡಿಸ್ಕ್‌ನ ಯಾವ ಜಾಗದಲ್ಲಿದೆ ಎಂಬ ಸೂಚಿಯೊಂದು ಬೇರೆಯಾಗಿ ಬೆಳೆಯುತ್ತಿರುತ್ತದೆ. ಪ್ಲಗ್ ಕಿತ್ತ ಕ್ಷಣದಲ್ಲಿ ಮೆಮೊರಿಯಲ್ಲಿದ್ದದ್ದು ಹೋಗುತ್ತದೆ. ಅದು ಸಣ್ಣ ನಷ್ಟ. ಸೂಚಿ ಅರ್ಧಕ್ಕೆ ನಿಂತರೆ ದೊಡ್ಡ ನಷ್ಟ, ಏಕೆಂದರೆ ದೃಶ್ಯ ಡಿಸ್ಕ್ ಮೇಲೆಯೇ ಇದ್ದರೂ ಅದನ್ನು ಹುಡುಕುವ ದಾರಿ ಇರುವುದಿಲ್ಲ. ಮತ್ತೆ ಹಚ್ಚಿದಾಗ ಯಂತ್ರ ಆ ಸೂಚಿಯನ್ನು ಮೊದಲಿನಿಂದ ಕಟ್ಟಿಕೊಳ್ಳಲು ಗಂಟೆಗಟ್ಟಲೆ ತೆಗೆದುಕೊಳ್ಳಬಹುದು.

ಹಲವು ಡಿಸ್ಕ್‌ಗಳನ್ನು ರೇಡ್ ಪದ್ಧತಿಯಲ್ಲಿ ಒಂದಾಗಿ ಹೆಣೆದಿರುವ ಕಡೆ ಇನ್ನೊಂದು ಅಪಾಯವಿದೆ. ರೇಡ್ 5ರಲ್ಲಿ ಒಂದು ಡಿಸ್ಕ್ ಕೆಟ್ಟರೂ ಉಳಿದವುಗಳಿಂದ ಲೆಕ್ಕ ಹಾಕಿ ಅದರ ದತ್ತಾಂಶವನ್ನು ಮರಳಿ ಪಡೆಯಬಹುದು. ಅದಕ್ಕೆ ಬೇಕಾದ ಸರಿಪರೀಕ್ಷೆಯ ಲೆಕ್ಕವನ್ನು ದೃಶ್ಯದ ಜೊತೆಯಲ್ಲೇ ಡಿಸ್ಕ್‌ಗಳ ಮೇಲೆ ಬರೆಯುತ್ತಿರುತ್ತದೆ. ದೃಶ್ಯ ಬರೆದಾಗಿ ಲೆಕ್ಕ ಬರೆಯುವ ಮೊದಲೇ ವಿದ್ಯುತ್ ಹೋದರೆ ಎರಡೂ ತಾಳೆಯಾಗುವುದಿಲ್ಲ, ಮತ್ತು ಈ ತಪ್ಪು ಆ ದಿನ ಕಾಣುವುದೂ ಇಲ್ಲ. ತಿಂಗಳುಗಳ ನಂತರ ಒಂದು ಡಿಸ್ಕ್ ಕೆಟ್ಟು ಹೊಸದನ್ನು ಹಾಕಿ ಕಟ್ಟಲು ಹೊರಟಾಗ ಹೊರಬೀಳುತ್ತದೆ. ಬ್ಯಾಟರಿ ಇರುವ ರೇಡ್ ಕಾರ್ಡ್‌ಗಳು ಈ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸುತ್ತವೆಯಾದರೂ ಆ ಬ್ಯಾಟರಿಗೂ ವಯಸ್ಸಾಗುತ್ತದೆ.

ದಿನವನ್ನು ಆರಿಸಿಕೊಳ್ಳುವುದು

ತೋಟ ಮತ್ತು ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ದಿನವನ್ನು ಕಾಫಿಯೇ ನಿರ್ಧರಿಸಬೇಕು. ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿಯವರೆಗೆ, ಅದರ ಹಿಂದೆಯೇ ರೊಬಸ್ಟಾ, ಆಮೇಲೆ ಮೆಣಸು. ಕಣದಲ್ಲಿ ಕಾಫಿ ಹರಡಿರುವ ಅಥವಾ ಗೋದಾಮಿನಲ್ಲಿ ಚೀಲ ಪೇರಿಸಿರುವ ಆ ತಿಂಗಳುಗಳಲ್ಲಿ ಯಂತ್ರವನ್ನು ಮುಟ್ಟದಿರುವುದೇ ಲೇಸು. ಅಕ್ಟೋಬರ್ ಕೊನೆಯ ಭಾಗ, ಅಂದರೆ ಮಳೆ ಇಳಿದು ಕುಯ್ಲು ಇನ್ನೂ ಹಿಡಿಯದ ಹೊತ್ತು, ನನಗೆ ಅತ್ಯಂತ ಅನುಕೂಲವಾಗಿ ಕಂಡಿದೆ: ಮಳೆಗಾಲದ ತೇವ ಯಂತ್ರದೊಳಗೆ ಏನು ಮಾಡಿದೆಯೆಂದು ನೋಡಬಹುದು, ಕುಯ್ಲಿಗೆ ಅದು ಸಿದ್ಧವಿದೆಯೆಂದು ಖಚಿತಪಡಿಸಿಕೊಳ್ಳಬಹುದು. ಆಸ್ಪತ್ರೆ, ಕಾಲೇಜುಗಳಿಗೆ ಈ ಲೆಕ್ಕವಿಲ್ಲ; ಹಬ್ಬ, ಪರೀಕ್ಷೆ, ಜಾತ್ರೆಯ ದಿನಗಳನ್ನು ಬಿಟ್ಟರೆ ಸಾಕು. ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ದರ್ಶನಕ್ಕೆ ಜನ ಸೇರುವ ದಿನಗಳಲ್ಲಿ ಹಾಸನ ನಗರದ ವಸತಿಗೃಹದವರು ಈ ಕೆಲಸಕ್ಕೆ ಕೈ ಹಾಕಬಾರದು.

ವಾರದ ನಡುವಿನ ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ ಶುರುಮಾಡುವುದು ಒಳ್ಳೆಯದು. ಏನಾದರೂ ಕೈಕೊಟ್ಟರೆ ಕತ್ತಲಾಗುವ ಮೊದಲು ಸರಿಪಡಿಸಲು ಆರೇಳು ಗಂಟೆ ಇರುತ್ತದೆ, ಅಂಗಡಿಗಳು ತೆರೆದಿರುತ್ತವೆ, ಕಂಪನಿಯ ಸಹಾಯವಾಣಿಯಲ್ಲಿ ಜನ ಸಿಗುತ್ತಾರೆ. ಚಿಕ್ಕಮಗಳೂರಿನಲ್ಲಿ ಮೆಸ್ಕಾಂ, ಹಾಸನದಲ್ಲಿ ಸೆಸ್ಕ್ ಮುಂಚಿತವಾಗಿ ಪ್ರಕಟಿಸುವ ವಿದ್ಯುತ್ ನಿಲುಗಡೆಯ ಸೂಚನೆಯನ್ನು ನೋಡಿಕೊಂಡು ಅದೇ ದಿನಕ್ಕೆ ಕೆಲಸ ಹೊಂದಿಸಿಕೊಂಡರೆ ಹೇಗೂ ನಿಲ್ಲಬೇಕಾದ ಹೊತ್ತೇ ದುರಸ್ತಿಗೆ ಒದಗುತ್ತದೆ. ಆದರೆ ನಿಲುಗಡೆಯ ಗಂಟೆಗೆ ಮೊದಲೇ ಸರ್ವರ್ ಕ್ರಮವಾಗಿ ನಿಂತಿರಬೇಕು, ಕರೆಂಟು ಬಂದು ನೆಲೆಯಾದ ಮೇಲಷ್ಟೇ ಮತ್ತೆ ಹಚ್ಚಬೇಕು.

ಕ್ಯಾಮೆರಾ ಕುರುಡಾಗಿರುವ ಹೊತ್ತಿನಲ್ಲಿ ಗೇಟಿನಲ್ಲಿ ಒಬ್ಬರು, ಗೋದಾಮಿನ ಬಾಗಿಲಲ್ಲಿ ಒಬ್ಬರು ಪುಸ್ತಕ ಹಿಡಿದು ಕೂರಬೇಕು. ಬಂದ ವಾಹನದ ಸಂಖ್ಯೆ, ಸಮಯ, ಹೊತ್ತೊಯ್ದ ಸರಕು ಇಷ್ಟನ್ನು ಬರೆದುಕೊಂಡರೆ ಸಾಕು. ಯಾವ ಗಂಟೆಗೆ ಕ್ಯಾಮೆರಾ ಇರುವುದಿಲ್ಲ ಎಂಬುದು ಮ್ಯಾನೇಜರ್, ರೈಟರ್ (ತೋಟದ ಲೆಕ್ಕ ಬರೆಯುವವರು), ಕಾವಲಿನವರು ಇವರಿಗೆ ಮಾತ್ರ ತಿಳಿದಿರಲಿ. ಎಲ್ಲರೂ ಇರುವ ವಾಟ್ಸಾಪ್ ಗುಂಪಿಗೆ ಅದನ್ನು ಹಾಕುವ ರೂಢಿ ನನಗೆ ಬಹಳ ಅಪಾಯಕಾರಿಯಾಗಿ ಕಾಣುತ್ತದೆ.

ಇನ್ನೊಂದು ಹೊಣೆಯನ್ನೂ ಇಲ್ಲಿಯೇ ನೆನಪಿಸಬೇಕು. ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಹೆಚ್ಚು ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ 30 ದಿನಗಳ ದೃಶ್ಯವನ್ನು ಇಟ್ಟುಕೊಂಡಿರಬೇಕು. ಪೊಲೀಸರು ಅಥವಾ ನ್ಯಾಯಾಲಯ ಕೇಳಿರುವ ದೃಶ್ಯವೇನಾದರೂ ಯಂತ್ರದಲ್ಲಿದ್ದರೆ ಅದನ್ನು ಹೊರಗೆ ಪ್ರತಿ ಮಾಡಿಕೊಳ್ಳದೆ ದುರಸ್ತಿಗೆ ಹೋಗಲೇಬಾರದು.

ಹಿಂದಿನ ದಿನದ ಕೆಲಸ

ಈ ಇಡೀ ಕಾರ್ಯದಲ್ಲಿ ಅತಿ ಹೆಚ್ಚು ಬೆಲೆಯುಳ್ಳ ಗಂಟೆ ಇದೇ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಮೊದಲು ಡಿಸ್ಕ್‌ಗಳ ಆರೋಗ್ಯ ನೋಡಬೇಕು. ಮೂರು ನಾಲ್ಕು ವರ್ಷ ಒಂದೇ ಸಮನೆ ತಿರುಗಿದ ಹಾರ್ಡ್ ಡಿಸ್ಕ್ ಬಿಸಿಯಾಗಿರುವವರೆಗೆ ಓಡುತ್ತಲೇ ಇದ್ದು, ಒಮ್ಮೆ ನಿಂತು ತಣ್ಣಗಾದ ಮೇಲೆ ಮತ್ತೆ ಏಳದಿರುವ ಸಂದರ್ಭಗಳಿವೆ. ಎನ್‌ವಿಆರ್‌ನ ಮೆನುವಿನಲ್ಲಾಗಲಿ ಸರ್ವರ್‌ನ ತಂತ್ರಾಂಶದಲ್ಲಾಗಲಿ ಸ್ಮಾರ್ಟ್ ವರದಿ ಎಂಬ ಪುಟವಿರುತ್ತದೆ. ಅದರಲ್ಲಿ 5ನೇ ಸಂಖ್ಯೆಯ ಸಾಲು, ಕೆಟ್ಟಿದ್ದರಿಂದ ಬೇರೆಡೆಗೆ ಬದಲಾಯಿಸಿದ ಸೆಕ್ಟರ್‌ಗಳನ್ನು (ಡಿಸ್ಕ್‌ನ ಸಣ್ಣ ತುಂಡು ಜಾಗಗಳನ್ನು), 197ನೆಯದು ಓದಲು ಕಷ್ಟವಾಗಿ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳನ್ನು, 198ನೆಯದು ಸರಿಪಡಿಸಲಾಗದವನ್ನು ಹೇಳುತ್ತದೆ. ಈ ಮೂರರಲ್ಲಿ ಸೊನ್ನೆ ಇರಬೇಕು; ಅಂಕಿ ಏರುತ್ತಿದ್ದರೆ ಬದಲಿ ಡಿಸ್ಕ್ ಕೈಯಲ್ಲಿ ಇಟ್ಟುಕೊಂಡೇ ನಿಲ್ಲಿಸಬೇಕು. ಕ್ಯಾಮೆರಾ ದಾಖಲೆಗೆಂದೇ ತಯಾರಾದ ದೊಡ್ಡ ಗಾತ್ರದ ಡಿಸ್ಕ್ ಊರಿನ ಅಂಗಡಿಯಲ್ಲಿ ಅಂದೇ ಸಿಗುತ್ತದೆಂದು ನಂಬಿ ಕೂರಬಾರದು. ರೇಡ್ ಗುಂಪಿನಲ್ಲಿ ಒಂದು ಡಿಸ್ಕ್ ಆಗಲೇ ಕೆಟ್ಟಿದ್ದರೆ, ಮೊದಲು ಅದನ್ನು ಬದಲಿಸಿ, ಗುಂಪು ಪೂರ್ತಿ ಕಟ್ಟಿಕೊಳ್ಳುವವರೆಗೆ, ಅದಕ್ಕೆ ಒಂದು ದಿನವೇ ಹಿಡಿದರೂ, ಕಾಯಬೇಕು. ಅರೆಕೆಟ್ಟ ಗುಂಪನ್ನು ನಿಲ್ಲಿಸಿ ಹಚ್ಚುವುದು, ಉಳಿದ ಡಿಸ್ಕ್‌ಗಳಲ್ಲಿ ಇನ್ನೊಂದು ಏಳದಿದ್ದರೆ ಎಲ್ಲವನ್ನೂ ಕಳೆದುಕೊಳ್ಳುವ ದಾರಿ.

ಎರಡನೆಯದು ಪಾಸ್‌ವರ್ಡ್. ವರ್ಷಗಟ್ಟಲೆ ಲಾಗಿನ್ ಆಗಿಯೇ ಇರುವ ಯಂತ್ರದ ಪಾಸ್‌ವರ್ಡ್ ಅನೇಕ ಸಲ ಯಾರಿಗೂ ನೆನಪಿರುವುದಿಲ್ಲ. ಕೂರಿಸಿಕೊಟ್ಟ ಹುಡುಗ ಬೆಂಗಳೂರಿನಲ್ಲಿ ಬೇರೆ ಕೆಲಸಕ್ಕೆ ಸೇರಿರುತ್ತಾನೆ. ಆದ್ದರಿಂದ ನಿಲ್ಲಿಸುವ ಮೊದಲೇ ಒಮ್ಮೆ ಲಾಗ್ ಔಟ್ ಆಗಿ, ಬರೆದಿಟ್ಟುಕೊಂಡ ಪಾಸ್‌ವರ್ಡ್‌ನಿಂದ ಮತ್ತೆ ಒಳಗೆ ಹೋಗಿ ನೋಡಬೇಕು. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಅದರ 48 ಅಂಕಿಗಳ ಕೀಲಿಯನ್ನೂ ಹುಡುಕಿಟ್ಟುಕೊಳ್ಳಬೇಕು. ಬಯೋಸ್‌ನಲ್ಲಿ, ಅಂದರೆ ಯಂತ್ರ ಏಳುವಾಗ ಮೊದಲು ಓಡುವ ಮೂಲ ಹೊಂದಾಣಿಕೆಯಲ್ಲಿ, ಏನಾದರೂ ಬದಲಾದರೆ ಯಂತ್ರ ಅದನ್ನು ಕೇಳಬಹುದು, ಕೊಡದಿದ್ದರೆ ಒಳಗೆ ಬಿಡುವುದಿಲ್ಲ.

ಬಳಿಕ ಸಂರಚನೆಯ ಬ್ಯಾಕಪ್ ಅನ್ನು ಪೆನ್ ಡ್ರೈವ್‌ಗೆ ತೆಗೆದುಕೊಳ್ಳಬೇಕು. ಕ್ಯಾಮೆರಾಗಳ ಪಟ್ಟಿ, ಪ್ರತಿಯೊಂದರ ಐಪಿ ವಿಳಾಸ, ಯಾವುದು ಸದಾ ಬರೆಯುತ್ತದೆ, ಯಾವುದು ಚಲನೆ ಕಂಡಾಗ ಮಾತ್ರ ಬರೆಯುತ್ತದೆ, ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ಅಷ್ಟಾದರೂ ಐಪಿ ಪಟ್ಟಿಯನ್ನು ಕಾಗದದ ಮೇಲೂ ಬರೆದುಕೊಳ್ಳುವುದು ಜಾಣತನ. ಯಂತ್ರದ ಹಿಂಭಾಗದ ಫೋಟೊ ತೆಗೆದು, ಪ್ರತಿ ಕೇಬಲ್‌ಗೂ ಒಂದು ಚೀಟಿ ಅಂಟಿಸಬೇಕು. ಅಂದಿಗೆ ಲಭ್ಯವಿರುವ ಅತಿ ಹಳೆಯ ದೃಶ್ಯದ ದಿನಾಂಕವನ್ನೂ, ಯಂತ್ರದ ಗಡಿಯಾರ ನಿಜವಾದ ಸಮಯಕ್ಕಿಂತ ಎಷ್ಟು ಮುಂದೆ ಅಥವಾ ಹಿಂದೆ ಇದೆ ಎಂಬುದನ್ನೂ ಬರೆದಿಟ್ಟುಕೊಂಡರೆ, ಮತ್ತೆ ಹಚ್ಚಿದಾಗ ಹಳೆಯ ದಾಖಲೆ ಉಳಿದಿದೆಯೇ ಎಂಬ ಪ್ರಶ್ನೆಗೆ ಒಂದೇ ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಪೊಲೀಸರಿಗೆ ಕೊಡಬೇಕಾದ ದೃಶ್ಯವಿದ್ದರೆ ಅದನ್ನು ಪ್ರತಿ ಮಾಡಿ, ಆ ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತ ಬದಲಾಗಿಲ್ಲವೆಂದು ತೋರಿಸುವ ಬೆರಳಚ್ಚಿನಂಥ ಸಂಕೇತವನ್ನು, ದಾಖಲಿಸಿಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಆ ಮೌಲ್ಯಕ್ಕೂ ಜಾಗವಿದೆ.

ಕೊನೆಯದಾಗಿ, ಕ್ಯಾಮೆರಾಗಳಲ್ಲಿ ಮೆಮೊರಿ ಕಾರ್ಡ್ ಹಾಕುವ ಸೌಲಭ್ಯವಿದ್ದರೆ ಗೇಟು, ಕಣ, ಗೋದಾಮಿನ ಬಾಗಿಲು ಇಂಥ ಮುಖ್ಯ ಜಾಗಗಳಿಗಾದರೂ ಕಾರ್ಡ್ ಹಾಕಿ ಚಾಲನೆ ಮಾಡಿರಬೇಕು. ಸರ್ವರ್ ನಿಂತಿರುವಾಗಲೂ ಕ್ಯಾಮೆರಾ ತನ್ನೊಳಗೇ ಬರೆದುಕೊಳ್ಳುತ್ತದೆ; ಕೆಲವು ವ್ಯವಸ್ಥೆಗಳಲ್ಲಿ ಸರ್ವರ್ ಎದ್ದ ಮೇಲೆ ಆ ತುಣುಕನ್ನು ತಾನೇ ತರಿಸಿಕೊಂಡು ನಡುವಿನ ಖಾಲಿ ಜಾಗ ತುಂಬಿಕೊಳ್ಳುತ್ತದೆ.

ನಿಲ್ಲಿಸುವ ಕ್ರಮ

ನೀರು ಹರಿಯುವ ಕಾಲುವೆಯನ್ನು ಕಟ್ಟುವಾಗ ಮೇಲಿನ ತೂಬನ್ನು ಮೊದಲು ಮುಚ್ಚುವ ಹಾಗೆ, ಇಲ್ಲಿಯೂ ಬರೆಯುವವರನ್ನು ಮೊದಲು ನಿಲ್ಲಿಸಿ, ಬರೆಸಿಕೊಳ್ಳುವ ಡಿಸ್ಕ್‌ಗಳನ್ನು ಕೊನೆಗೆ ನಿಲ್ಲಿಸಬೇಕು.

ಮೊದಲ ಹಂತದಲ್ಲಿ ಮ್ಯಾನೇಜರ್ ಕೋಣೆ, ಗೇಟಿನ ಕೋಣೆ, ಮೊಬೈಲ್ ಎಲ್ಲ ಕಡೆ ತೆರೆದಿರುವ ವೀಕ್ಷಣೆಯ ತಂತ್ರಾಂಶವನ್ನು ಮುಚ್ಚಿಸಬೇಕು. ಯಾವುದಾದರೂ ದೃಶ್ಯ ಪ್ರತಿಯಾಗುತ್ತಿದ್ದರೆ ಅದು ಮುಗಿಯುವವರೆಗೆ ಕಾಯಬೇಕು.

ಎರಡನೆಯದಾಗಿ, ಸರ್ವರ್ ಆಗಿದ್ದರೆ ರೆಕಾರ್ಡಿಂಗ್ ಸೇವೆಯನ್ನು ಅದರ ತಂತ್ರಾಂಶದ ಮೂಲಕವೇ ನಿಲ್ಲಿಸಬೇಕು. ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಇಳಿಸಿ ಸೂಚಿಯನ್ನು ಮುಚ್ಚಲು ಅದಕ್ಕೆ ಕೆಲವು ನಿಮಿಷ ಬೇಕಾಗಬಹುದು. ಮಿನುಗುತ್ತಿದ್ದ ಡಿಸ್ಕ್ ದೀಪಗಳು ಶಾಂತವಾಗುವುದೇ ಅದರ ಗುರುತು. ಆಮೇಲೆ ಡೇಟಾಬೇಸ್ ಸೇವೆ. ಈ ಎರಡರ ಕ್ರಮ ತಿರುವುಮುರುವಾದರೆ, ಬರೆಯುತ್ತಿರುವ ಸೇವೆ ತನ್ನ ಲೆಕ್ಕದ ಪುಸ್ತಕವನ್ನೇ ಕಳೆದುಕೊಂಡಂತಾಗುತ್ತದೆ.

ಮೂರನೆಯದು ಯಂತ್ರವನ್ನು ಶಟ್‌ಡೌನ್ ಮಾಡುವುದು. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಎಂದು ಒತ್ತಿದರೂ ಯಂತ್ರ ಪೂರ್ತಿ ಮುಗಿಸದೆ ತನ್ನ ಒಳತಿರುಳಿನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಕೊಂಡು ಮಲಗುತ್ತದೆ. ದುರಸ್ತಿಗೆ ಅದು ಸಲ್ಲದು. ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆದುಹಾಕಬೇಕು, ಇಲ್ಲವೇ ಶಿಫ್ಟ್ ಕೀಲಿ ಒತ್ತಿಹಿಡಿದು ಶಟ್‌ಡೌನ್ ಆರಿಸಬೇಕು. ಅಪ್‌ಡೇಟ್ ಬಾಕಿಯಿದ್ದರೆ ಅರ್ಧ ಗಂಟೆ ಹಿಡಿದರೂ ಆಗಲಿ, ನಡುವೆ ಕೈ ಹಾಕಬಾರದು. ಎನ್‌ವಿಆರ್ ಆಗಿದ್ದರೆ ಮೆನುವಿನ ಶಟ್‌ಡೌನ್ ಅನ್ನೇ ಬಳಸಿ, ಈಗ ವಿದ್ಯುತ್ ತೆಗೆಯಬಹುದು ಎಂಬ ಅರ್ಥದ ಸಂದೇಶ ಬಂದ ಮೇಲೆ ಹಿಂಭಾಗದ ಸ್ವಿಚ್ ಆಫ್ ಮಾಡಬೇಕು. ಪವರ್ ಬಟನ್ ಅನ್ನು ಒಮ್ಮೆ ಒತ್ತಿ ಬಿಟ್ಟರೆ ಸಾಮಾನ್ಯವಾಗಿ ಯಂತ್ರ ಕ್ರಮವಾಗಿಯೇ ನಿಲ್ಲುತ್ತದೆ. ನಾಲ್ಕೈದು ಸೆಕೆಂಡ್ ಒತ್ತಿಹಿಡಿದರೆ ಅದು ಪ್ಲಗ್ ಕಿತ್ತದ್ದಕ್ಕೆ ಸಮ. ಪರದೆ ಹೆಪ್ಪುಗಟ್ಟಿದಂತೆ ಕಂಡರೂ ಡಿಸ್ಕ್ ದೀಪ ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿದೆಯೆಂದೇ ತಿಳಿದು ಕಾಯಬೇಕು.

ಸರ್ವರ್ ಪೂರ್ತಿ ನಿಂತ ನಂತರ ಹೊರಗಿನ ಸ್ಟೋರೇಜ್ ಪೆಟ್ಟಿಗೆಯನ್ನು ಅದರದೇ ಮೆನುವಿನಿಂದ ನಿಲ್ಲಿಸಬೇಕು. ಕ್ಯಾಮೆರಾಗಳಿಗೆ ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ತನ್ನೂ ಕೊಡುವ ಪಿಒಇ ಸ್ವಿಚ್ ಎಂಬ ಪೆಟ್ಟಿಗೆಯನ್ನು ಅದರದೇ ದುರಸ್ತಿ ಇಲ್ಲದಿದ್ದರೆ ಆಫ್ ಮಾಡಬಾರದು, ಮಾಡಿದರೆ ಮೆಮೊರಿ ಕಾರ್ಡ್‌ನ ದಾಖಲೆಯೂ ನಿಲ್ಲುತ್ತದೆ.

ಕೊನೆಗೆ ಪ್ಲಗ್ ತೆಗೆಯಬೇಕು. ಸರ್ವರ್‌ಗಳಿಗೆ ಅನೇಕ ಸಲ ಎರಡು ಪವರ್ ಕೇಬಲ್ ಇರುತ್ತವೆ. ಒಂದನ್ನು ತೆಗೆದು ಸುಮ್ಮನಾದರೆ ಒಳಗೆ ವಿದ್ಯುತ್ ಇದ್ದೇ ಇರುತ್ತದೆ. ಕರೆಂಟು ಬಂದ ಕೂಡಲೇ ತಾನಾಗಿ ಏಳುವಂತೆ ಬಯೋಸ್‌ನಲ್ಲಿ ಹೊಂದಿಸಿರುವ ಯಂತ್ರ, ಯಾರೋ ಯುಪಿಎಸ್ ಒತ್ತಿದರೆ ನಿಮ್ಮ ಕೈ ಒಳಗಿರುವಾಗಲೇ ಎದ್ದುಬಿಡುತ್ತದೆ. ಕೇಬಲ್ ತೆಗೆದ ಮೇಲೂ ಡಿಸ್ಕ್‌ನ ತಟ್ಟೆಗಳು ತಿರುಗುವುದು ನಿಲ್ಲಲು ಅರ್ಧ ನಿಮಿಷ ಬಿಟ್ಟು ಯಂತ್ರವನ್ನು ಅಲುಗಿಸಬೇಕು.

ಯಂತ್ರ ತೆರೆದಿರುವಾಗ

ಕ್ಯೂರಿಂಗ್ ವರ್ಕ್ಸ್‌ನ ಹೊಟ್ಟಿನ ಧೂಳು ಮಳೆಗಾಲದ ತೇವದೊಂದಿಗೆ ಸೇರಿ ಫ್ಯಾನಿನ ರೆಕ್ಕೆಗಳ ಮೇಲೆ ಅಂಟಿನಂತೆ ಕೂರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಅಥವಾ ಕಡ್ಡಿಯಿಂದ ತಡೆಯಬೇಕು, ಇಲ್ಲದಿದ್ದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಡಿಸ್ಕ್‌ಗಳನ್ನು ಹೊರತೆಗೆದರೆ ಯಾವ ಗೂಡಿನದು ಎಂದು ಸಂಖ್ಯೆ ಬರೆದು ಅದೇ ಗೂಡಿಗೆ ಮರಳಿ ಹಾಕಬೇಕು. ಎಸಿ ಕೋಣೆಯ ತಣ್ಣನೆಯ ಯಂತ್ರವನ್ನು ಮಳೆಗಾಲದಲ್ಲಿ ಹೊರಗಿನ ವರಾಂಡಕ್ಕೆ ತಂದರೆ ಮೈಮೇಲೆ ಬೆವರಿನಂತೆ ನೀರು ಕೂರುತ್ತದೆ. ಕೆಲಸ ಒಳಗೇ ಆಗಲಿ.

ಮದರ್‌ಬೋರ್ಡ್‌ನ ನಾಣ್ಯದಂಥ 3 ವೋಲ್ಟ್ ಬ್ಯಾಟರಿಯನ್ನು ಬದಲಿಸುವವರು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆ ಬ್ಯಾಟರಿ ತೆಗೆದಾಗ ಬಯೋಸ್‌ನ ಹೊಂದಾಣಿಕೆಗಳು ಮೊದಲಿನ ಸ್ಥಿತಿಗೆ ಹೋಗಬಹುದು, ರೇಡ್ ಎಂದಿದ್ದದ್ದು ಎಎಚ್‌ಸಿಐ ಎಂದಾಗಿಬಿಡಬಹುದು. ಆಗ ಡಿಸ್ಕ್‌ಗಳೆಲ್ಲ ಬಿಡಿಬಿಡಿಯಾಗಿ, ಖಾಲಿ ಇದ್ದಂತೆ ಕಾಣುತ್ತವೆ. ನಿಜದಲ್ಲಿ ಏನೂ ಅಳಿದಿರುವುದಿಲ್ಲ. ಬ್ಯಾಟರಿ ತೆಗೆಯುವ ಮೊದಲೇ ಬಯೋಸ್‌ನ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಂಡಿದ್ದರೆ ಹಳೆಯ ಹೊಂದಾಣಿಕೆಗೆ ಮರಳುವುದು ಐದು ನಿಮಿಷದ ಕೆಲಸ.

ಯುಪಿಎಸ್‌ನ ಬ್ಯಾಟರಿಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತವೆ. ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಪ್ಲಗ್ ತೆಗೆದ ಯುಪಿಎಸ್‌ನೊಳಗೂ ಅಪಾಯಕಾರಿ ವಿದ್ಯುತ್ ಇರುವುದರಿಂದ ಅದನ್ನು ತಿಳಿದವರೇ ಬಿಚ್ಚಲಿ. ಹೂಮಳೆಯ (ಕಾಫಿ ಹೂವರಳಿಸುವ ಬೇಸಿಗೆ ಮಳೆಯ) ಹೊತ್ತಿನ ಸಿಡಿಲಿಗೆ ತೋಟಗಳಲ್ಲಿ ಸ್ವಿಚ್ ಮತ್ತು ಕ್ಯಾಮೆರಾಗಳು ಸುಟ್ಟುಹೋಗುವುದುಂಟು. ಅರ್ಥಿಂಗ್ ಪರೀಕ್ಷಿಸಲು, ಬಂಗಲೆಯಿಂದ ಕಣಕ್ಕೆ ಎಳೆದಿರುವ ತಾಮ್ರದ ನೆಟ್‌ವರ್ಕ್ ಕೇಬಲ್‌ನ ಬದಲು ಫೈಬರ್ ಎಳೆಯಲು ಇದೇ ಸಮಯ. ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿ ಇರುವುದರಿಂದ ದೊಡ್ಡ ತೋಟಗಳಲ್ಲಿ ಅದು ಹೇಗೂ ಬೇಕಾಗುತ್ತದೆ. ಆದರೆ ಫರ್ಮ್‌ವೇರ್ (ಯಂತ್ರದೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಅನ್ನು ಮಾತ್ರ ಇದೇ ದಿನ ಮಾಡದಿರಿ. ಎದ್ದ ಮೇಲೆ ತೊಂದರೆ ಕಂಡರೆ ಧೂಳು ತೆಗೆದದ್ದರಿಂದಲೋ ಅಪ್‌ಡೇಟ್‌ನಿಂದಲೋ ತಿಳಿಯುವುದಿಲ್ಲ.

ಮತ್ತೆ ಹಚ್ಚುವ ಕ್ರಮ

ಇಲ್ಲಿ ನಿಲ್ಲಿಸಿದ ಕ್ರಮವನ್ನೇ ಹಿಂದುಮುಂದಾಗಿ ಅನುಸರಿಸಬೇಕು. ಯುಪಿಎಸ್ ಮೊದಲು, ಅದರ ವೋಲ್ಟೇಜ್ ನೆಲೆಯಾದ ಮೇಲೆ ನೆಟ್‌ವರ್ಕ್ ಸ್ವಿಚ್‌ಗಳು. ಅವು ಏಳಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಪಿಒಇ ಸ್ವಿಚ್‌ನ ಒಂದು ಪೋರ್ಟ್ ಹಳೆಯ ಮಾನದಂಡದಲ್ಲಿ 15.4 ವ್ಯಾಟ್, ನಂತರದ್ದರಲ್ಲಿ 30 ವ್ಯಾಟ್‌ವರೆಗೆ ಕೊಡಬಲ್ಲದಾದರೂ ಇಡೀ ಸ್ವಿಚ್‌ಗೆ ಒಟ್ಟು ಮಿತಿಯೊಂದಿರುತ್ತದೆ. ಹಗಲಿನಲ್ಲಿ ಸರಿಯಾಗಿದ್ದ ಕ್ಯಾಮೆರಾ ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿದಾಗ ಆರಿಹೋಗುತ್ತಿದ್ದರೆ ಈ ಮಿತಿಯೇ ಕಾರಣವಾಗಿರಬಹುದು.

ಆಮೇಲೆ ಸ್ಟೋರೇಜ್ ಪೆಟ್ಟಿಗೆ. ಅದರ ಎಲ್ಲ ಡಿಸ್ಕ್ ದೀಪಗಳೂ ಸ್ಥಿರವಾಗಿ, ಅದು ಸಿದ್ಧವಾಗಿದೆಯೆಂದು ಖಚಿತವಾಗುವವರೆಗೆ ಸರ್ವರ್‌ನ ಗುಂಡಿಯನ್ನು ಒತ್ತಬಾರದು. ಮೊದಲು ಹೇಳಿದ ಗೋದಾಮಿನಲ್ಲಿ ತಪ್ಪಿದ ಹಂತ ಇದೇ.

ಸರ್ವರ್ ಏಳುವಾಗ ಡಿಸ್ಕ್ ಅನ್ನು ಇನಿಶಿಯಲೈಸ್ ಮಾಡಬೇಕೆ, ಫಾರ್ಮ್ಯಾಟ್ ಮಾಡಬೇಕೆ ಎಂಬ ಪ್ರಶ್ನೆ ಪರದೆಯ ಮೇಲೆ ಬಂದರೆ, ಬೇಡ ಎಂದು ಉತ್ತರಿಸಿ ಅಲ್ಲಿಗೇ ನಿಲ್ಲಬೇಕು. ಆ ಪ್ರಶ್ನೆಯ ಅರ್ಥ ಯಂತ್ರಕ್ಕೆ ಡಿಸ್ಕ್ ಅರ್ಥವಾಗುತ್ತಿಲ್ಲ ಎಂದಷ್ಟೇ. ಸಡಿಲ ಕೇಬಲ್, ತಪ್ಪು ಗೂಡು, ಬಯೋಸ್‌ನ ಬದಲಾದ ಹೊಂದಾಣಿಕೆ, ಇವುಗಳಲ್ಲಿ ಒಂದು ಕಾರಣವಾಗಿರುವುದೇ ಹೆಚ್ಚು. ಹೌದು ಎಂದು ಒತ್ತಿದರೆ ತಿಂಗಳ ದಾಖಲೆ ಆ ಕ್ಷಣವೇ ಕೈತಪ್ಪುತ್ತದೆ.

ರೆಕಾರ್ಡಿಂಗ್ ಸೇವೆ ಶುರುವಾಗುವ ಮೊದಲು ಗಡಿಯಾರ ನೋಡಬೇಕು. ಇದನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಗಡಿಯಾರ ಹಿಂದಕ್ಕೆ ಹೋಗಿದ್ದರೆ ಹೊಸ ದೃಶ್ಯ ಹಳೆಯ ದಿನಾಂಕದಡಿ ಸೇರುತ್ತದೆ. ಮುಂದಕ್ಕೆ ಹೋಗಿದ್ದರೆ ಇನ್ನೂ ಕೆಟ್ಟದ್ದು: 30 ದಿನ ದಾಟಿದ್ದನ್ನು ಅಳಿಸು ಎಂಬ ಆದೇಶವಿರುವ ಯಂತ್ರ, ನಿನ್ನೆಯ ದೃಶ್ಯವನ್ನೂ ಹಳೆಯದೆಂದು ತಿಳಿದು ಅಳಿಸಿಹಾಕಬಹುದು. ದಿನಾಂಕ, ಸಮಯ, ಐದೂವರೆ ಗಂಟೆಯ ಭಾರತೀಯ ಕಾಲಮಾನ ಮೂರನ್ನೂ ಸರಿಪಡಿಸಿ, ಅಂತರ್ಜಾಲವಿರುವ ಕಡೆ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗೆ ಜೋಡಿಸಬೇಕು. ಕ್ಯಾಮೆರಾಗಳು ತಮ್ಮ ಸಮಯವನ್ನು ಈ ಸರ್ವರ್‌ನಿಂದಲೇ ಪಡೆಯುವಂತಿರಲಿ. ನಂತರ ಡೇಟಾಬೇಸ್, ಅದರ ಮೇಲೆ ರೆಕಾರ್ಡಿಂಗ್ ಸೇವೆ, ಕೊನೆಗೆ ವೀಕ್ಷಣೆಯ ಪರದೆಗಳು.

ದಾಖಲೆಯಾಗುತ್ತಿದೆಯೇ ಎಂಬ ಪರೀಕ್ಷೆ

ಹಚ್ಚಿ ಹದಿನೈದು ನಿಮಿಷ ಕಳೆದ ಮೇಲೆ ಪ್ಲೇಬ್ಯಾಕ್ ತೆರೆದು, ಒಂದೊಂದೇ ಕ್ಯಾಮೆರಾದ ಹತ್ತು ನಿಮಿಷ ಹಿಂದಿನ ದೃಶ್ಯವನ್ನು ಓಡಿಸಿ ನೋಡಬೇಕು. 32 ಕ್ಯಾಮೆರಾಗಳಿದ್ದರೆ 32 ಸಲ. ಬೇಸರದ ಕೆಲಸ ಇದು, ಆದರೂ ನಾಲ್ಕೈದನ್ನು ನೋಡಿ ಉಳಿದವೂ ಸರಿಯಿರುತ್ತವೆಂದು ಬಿಟ್ಟರೆ ಬಿಟ್ಟುಹೋದ ಕ್ಯಾಮೆರಾ ಗೋದಾಮಿನ ಬಾಗಿಲಿನದೇ ಆಗಿರಬಹುದು. ವಿದ್ಯುತ್ ಹೋಗಿ ಬಂದಾಗ ರೌಟರ್ ಬೇರೆ ಐಪಿ ಕೊಟ್ಟಿದ್ದರಿಂದ ಸಂಪರ್ಕ ತಪ್ಪಿದ ಕ್ಯಾಮೆರಾಗಳು ಈ ಹಂತದಲ್ಲಿಯೇ ಸಿಕ್ಕಿಬೀಳುತ್ತವೆ. ಕಾಗದದ ಪಟ್ಟಿ ಆಗ ಕೆಲಸಕ್ಕೆ ಬರುತ್ತದೆ.

ನಂತರ ಹಿಂದಿನ ದಿನ ಬರೆದಿಟ್ಟುಕೊಂಡ ಅತಿ ಹಳೆಯ ದಿನಾಂಕದ ದೃಶ್ಯವನ್ನು ತೆರೆಯಬೇಕು. ಅದು ಓಡಿದರೆ ಹಳೆಯ ದಾಖಲೆ ಸುರಕ್ಷಿತ. ರೇಡ್ ಗುಂಪಿನ ಸ್ಥಿತಿ, ಸ್ಮಾರ್ಟ್ ವರದಿಯ ಆ ಮೂರು ಸಾಲುಗಳು, ಡಿಸ್ಕ್‌ನಲ್ಲಿ ಖಾಲಿ ಜಾಗ ಕಡಿಮೆಯಾಗುತ್ತಿದೆಯೇ ಎಂಬುದು, ಇವಿಷ್ಟನ್ನು ಮತ್ತೊಮ್ಮೆ ನೋಡಬೇಕು. ಚಲನೆ ಕಂಡಾಗ ಮಾತ್ರ ಬರೆಯುವ ಕ್ಯಾಮೆರಾದ ಮುಂದೆ ಒಬ್ಬರನ್ನು ನಡೆಸಿ ಪರೀಕ್ಷಿಸಬೇಕು. ನಿಲ್ಲಿಸಿದ ಗಂಟೆ, ಹಚ್ಚಿದ ಗಂಟೆ, ಕಾರಣ, ಮಾಡಿದ ಕೆಲಸ, ಮಾಡಿದವರ ಸಹಿ ಪುಸ್ತಕದಲ್ಲಿರಲಿ. ಮುಂದೆ ಯಾರಾದರೂ ಆ ಎರಡು ಗಂಟೆಯ ದೃಶ್ಯ ಏಕಿಲ್ಲ ಎಂದು ಕೇಳಿದರೆ ಆ ಪುಟವೇ ಉತ್ತರ.

ಹೇಳದೆ ಕರೆಂಟು ಹೋದಾಗ

ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಮರ ಬಿದ್ದು ಲೈನ್ ತುಂಡಾಗಿ ಒಂದೆರಡು ದಿನ ಕರೆಂಟಿಲ್ಲದಿರುವುದು ಹೊಸತೇನಲ್ಲ. ಯುಪಿಎಸ್‌ನಿಂದ ಸರ್ವರ್‌ಗೆ ಒಂದು ಯುಎಸ್‌ಬಿ ಕೇಬಲ್ ಹಾಕಿ, ಬ್ಯಾಟರಿ ಶೇಕಡಾ 40ಕ್ಕೆ ಇಳಿದಾಗ ಸರ್ವರ್ ತಾನಾಗಿ ಕ್ರಮವಾಗಿ ನಿಲ್ಲುವಂತೆ ಹೊಂದಿಸಿದರೆ ರಾತ್ರಿ ಯಾರೂ ಎದ್ದು ಓಡಬೇಕಿಲ್ಲ. ಯುಪಿಎಸ್ ಜೊತೆ ಬಹಳ ಸಲ ಬರುವ ಆ ಕೇಬಲ್ ಡಬ್ಬದಿಂದ ಹೊರಗೇ ಬಂದಿರುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ. ಕರೆಂಟು ಬಂದ ಮೇಲೂ ಕೆಲವು ಹೊತ್ತು ಅದು ಹೋಗಿ ಬಂದು ಮಾಡುತ್ತಿರುತ್ತದೆ; ಹದಿನೈದು ನಿಮಿಷ ನೆಲೆಯಾಗಿ ನಿಂತದ್ದನ್ನು ನೋಡಿ ಹಚ್ಚಬೇಕು. ಜನರೇಟರ್‌ಗೆ ಬದಲಿಸುವ ಮೊದಲೂ ಸರ್ವರ್ ಯುಪಿಎಸ್ ಮೇಲೆಯೇ ಇದೆಯೆಂದು ಖಚಿತಪಡಿಸಿಕೊಳ್ಳಬೇಕು.

ಈ ಕ್ರಮವನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಒಂದೇ ಹಾಳೆಯ ಮೇಲೆ ಬರೆಸಿ ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿಡಿ. ಯಂತ್ರದ ಮುಂದೆ ರಾತ್ರಿ ನಿಲ್ಲುವವರು ರೈಟರ್ ಅಥವಾ ಕಾವಲಿನವರೇ ಹೊರತು ಇಂಜಿನಿಯರ್ ಅಲ್ಲ. ದುರಸ್ತಿ ಮುಗಿದ ಮರುದಿನ ಬೆಳಿಗ್ಗೆ ಮತ್ತೊಮ್ಮೆ ಕುಳಿತು, ರಾತ್ರಿ ಎರಡು ಗಂಟೆಯ ಕಣದ ದೃಶ್ಯವನ್ನು ತೆರೆದು ನೋಡಿ. ಕತ್ತಲೆಯಲ್ಲಿ ಕ್ಯಾಮೆರಾ ಎದ್ದಿತ್ತು, ಸಮಯ ಸರಿಯಿತ್ತು, ದೃಶ್ಯ ಡಿಸ್ಕ್‌ಗೆ ಇಳಿದಿತ್ತು ಎಂಬುದು ಅಲ್ಲಿ ಕಂಡ ಮೇಲೆ ಪುಸ್ತಕದಲ್ಲಿ ಕೆಲಸ ಮುಗಿಯಿತೆಂದು ಬರೆಯಬಹುದು.